ಬೆಣ್ಣೆತೊರಾದ ದಂಡೆಯಲ್ಲಿ ಒಂದು ಮುಂಜಾನೆ

ಪಾಸ್ಖ ಜಾಗರಣೆಯ ರಾತ್ರಿ ಗುರುಗಳು ಉರಿಯುವ ಪಾಸ್ಖ ದೀಪವನ್ನು ನೀರಿಗಿಳಿಸಿ ಆಶೀರ್ವದಿಸುವ ಗಳಿಗೆಯನ್ನು ನಾವೆಲ್ಲರೂ ಬಲ್ಲೆವು. ಸೃಷ್ಟಿಯ ಆದಿಯಲ್ಲಿದ್ದ ಜಲರಾಶಿ, ಇಸ್ರಯೇಲರು ದಾಟಿದ ಕೆಂಪು ಸಮುದ್ರ, ಪ್ರಭು ಯೇಸು ಸ್ನಾನದೀಕ್ಷೆ ಪಡೆದ ಜೋರ್ಡಾನ್ ನದಿ, ಇವೆಲ್ಲವೂ ಆ ಪ್ರಾರ್ಥನೆಯಲ್ಲಿ ಒಂದರ ಹಿಂದೊಂದಾಗಿ ಸ್ಮರಣೆಗೆ ಬರುತ್ತವೆ. ಬಳಿಕ ಆ ನೀರನ್ನು ಭಕ್ತಾದಿಗಳ ಮೇಲೆ ಪ್ರೋಕ್ಷಿಸಲಾಗುತ್ತದೆ. 2025ರ ಏಪ್ರಿಲ್ 19ರ ರಾತ್ರಿ ಈ ವಿಧಿ ಮುಗಿದು ನಾವು ದೇವಾಲಯದ ಅಂಗಳಕ್ಕೆ ಬಂದಾಗ, ಐದನೆಯ ತರಗತಿಯ ಬಾಲಕಿಯೊಬ್ಬಳು ತನ್ನ ಧರ್ಮೋಪದೇಶದ ಟೀಚರನ್ನು ಕೇಳಿದಳು: "ಟೀಚರ್, ಆ ನೀರು ಜೋರ್ಡಾನ್ ಹೊಳಿದೇನ್ರಿ?"

"ಅಲ್ಲಮ್ಮಾ, ನಮ್ಮ ನಳದ ನೀರು" ಎಂದು ಟೀಚರು ನಕ್ಕರು.

"ನಳಕ್ಕ ಎಲ್ಲಿಂದ ಬರ್ತದ್ರಿ?"

"ಟಾಕಿಯಿಂದ" ಎಂಬ ಉತ್ತರ ಬಂತು. ಅದರಾಚೆಗೆ ಹೇಳಲು ಅಲ್ಲಿ ನಿಂತಿದ್ದ ಹಿರಿಯರಲ್ಲಿ ಯಾರೂ ಮುಂದಾಗಲಿಲ್ಲ. ನಾವೂ ಆಗಲಿಲ್ಲ.

ಕಲಬುರಗಿ ನಗರಕ್ಕೆ ಕುಡಿಯುವ ನೀರು ಬರುವುದು ಮುಖ್ಯವಾಗಿ ಎರಡು ನದಿಗಳಿಂದ. ಸರಡಗಿಯ ಬ್ಯಾರೇಜಿನಿಂದ ಭೀಮೆಯ ನೀರು ಬರುತ್ತದೆ. ಇನ್ನೊಂದೆಡೆಯಿಂದ ಬೆಣ್ಣೆತೊರಾದ ನೀರು ಬರುತ್ತದೆ. ಹಾಗಾದರೆ ನಮ್ಮ ಮಕ್ಕಳು ಸ್ನಾನದೀಕ್ಷೆ ಪಡೆದದ್ದು ಭೀಮೆಯಲ್ಲಿ, ಬೆಣ್ಣೆತೊರಾದಲ್ಲಿ. ಬಲಿಪೂಜೆಯಲ್ಲಿ ದ್ರಾಕ್ಷಾರಸದೊಡನೆ ಬೆರೆಯುವ ಹನಿ ನೀರೂ ಅವುಗಳದೇ. ಇಷ್ಟಾಗಿಯೂ ಆ ಅಂಗಳದಲ್ಲಿದ್ದ ಮಕ್ಕಳಲ್ಲಿ ಎಷ್ಟು ಮಂದಿ ಬೆಣ್ಣೆತೊರಾವನ್ನು ನೋಡಿದ್ದಾರೆ ಎಂದು ವಿಚಾರಿಸಿದರೆ, ಬಸ್ಸಿನ ಕಿಟಕಿಯಿಂದ ಕಂಡ ಇಬ್ಬರು ಸಿಕ್ಕರು.

ಅದಾದ ಎರಡನೆಯ ದಿನ, ಏಪ್ರಿಲ್ 21ರ ಸೋಮವಾರ, ಜಗದ್ಗುರು ಫ್ರಾನ್ಸಿಸ್ ಅವರು ದೈವಾಧೀನರಾದರು. ಭೂಮಿಯನ್ನು ನಮ್ಮೆಲ್ಲರ ಮನೆಯೆಂದು ಕರೆದು 2015ರಲ್ಲಿ 'ಲೌದಾತೋ ಸಿ' ಎಂಬ ವಿಶ್ವಪತ್ರವನ್ನು ಬರೆದವರು ಅವರು. ಶುದ್ಧವಾದ ಕುಡಿಯುವ ನೀರು ಮಾನವನ ಮೂಲಭೂತ ಹಕ್ಕು ಎಂದು ಅದರಲ್ಲಿ ನಿಸ್ಸಂದಿಗ್ಧವಾಗಿ ಸಾರಿದರು. ಅದರ ಹೆಸರನ್ನು ಅವರು ಆಯ್ದುಕೊಂಡದ್ದು, ನೀರನ್ನು ಸೋದರಿಯೆಂದು ಕರೆದ ಅಸ್ಸಿಸಿಯ ಸಂತ ಫ್ರಾನ್ಸಿಸರ ಸ್ತುತಿಗೀತೆಯಿಂದ. ಏಪ್ರಿಲ್ 26ರಂದು ಅವರ ಅಂತ್ಯಕ್ರಿಯೆ ನೆರವೇರಿತು. ಅವರ ಸ್ಮರಣಾರ್ಥ ಏನಾದರೂ ಮಾಡಬೇಕೆಂಬ ಮಾತು ಬಂದಾಗ ಭಾಷಣ ಸ್ಪರ್ಧೆ, ಚಿತ್ರ ಬರೆಯುವ ಸ್ಪರ್ಧೆ ಎಂದು ವಾಡಿಕೆಯ ಸಲಹೆಗಳು ಬಂದವು. ಮೇಲೆ ಹೇಳಿದ ಟೀಚರು ಮಾತ್ರ, "ಮಕ್ಕಳಿಗೆ ಹೊಳಿ ತೋರಿಸೋಣ್ರಿ" ಎಂದರು. ಜಾಗರಣೆಯ ರಾತ್ರಿಯ ಪ್ರಶ್ನೆ ಅವರನ್ನು ಕಾಡುತ್ತಿತ್ತೆಂದು ತೋರುತ್ತದೆ.

ಹೀಗೆ ಮೇ 3ರ ಶನಿವಾರ, ಇನ್ನೂ ನಸುಕಿರುವಾಗಲೇ, ನಾವು ಸೂಪರ್ ಮಾರ್ಕೆಟ್‌ನಲ್ಲಿ ಕೂಡಿದೆವು. ಪರಊರಿನ ಓದುಗರಿಗೆ ಒಂದು ಮಾತು ಹೇಳಬೇಕು. ಕಲಬುರಗಿಯ ಸೂಪರ್ ಮಾರ್ಕೆಟ್ ಎಂದರೆ ತಂಪು ಯಂತ್ರ ಹಾಕಿದ ಒಂದು ಅಂಗಡಿಯಲ್ಲ. ಅದು ನಗರದ ನಡುವಿನ ಒಂದು ಇಡೀ ಪೇಟೆ. ಬಟ್ಟೆ, ಪಾತ್ರೆ, ಹಣ್ಣು, ತರಕಾರಿ, ನಿಲ್ಲಲು ಜಾಗವಿಲ್ಲದಂತೆ ನುಗ್ಗುವ ಟಂಟಂಗಳು, ಎಲ್ಲವೂ ಸೇರಿ ಅದಕ್ಕೆ ಆ ಹೆಸರು. ಹಗಲಿನಲ್ಲಿ ಹೆಜ್ಜೆ ಇಡಲಾಗದ ಆ ಬೀದಿ ನಸುಕಿನಲ್ಲಿ ಎಷ್ಟು ಶಾಂತವಾಗಿರುತ್ತದೆಂದರೆ, ಗಾಡಿಯ ಮೇಲೆ ಸವತಿಕಾಯಿ ಜೋಡಿಸುವ ಹೆಣ್ಣುಮಗಳ ಬಳೆಯ ಸದ್ದೂ ಕೇಳುತ್ತದೆ. ಅವರಲ್ಲೇ ಸವತಿಕಾಯಿ ಕೊಂಡೆವು, ಎರಡು ಕಲ್ಲಂಗಡಿ ಕೊಂಡೆವು. ಮನೆಗಳಿಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನದ ಬುತ್ತಿ ಬಂದಿದ್ದವು. ಎರಡು ಕ್ರೂಸರ್‌ಗಳಲ್ಲಿ ಆರು ಕುಟುಂಬಗಳು, ಹನ್ನೊಂದು ಮಕ್ಕಳು, ಇಬ್ಬರು ಸಿಸ್ಟರ್‌ಗಳು ಹೊರಟೆವು.

ಇಷ್ಟು ಬೇಗ ಏಕೆಂದು ಈ ಭಾಗದವರು ಕೇಳಲಾರರು. ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಸೀಮೆ ಇದು. ಉಷ್ಣಾಂಶ 42, 43 ಡಿಗ್ರಿ ಮುಟ್ಟಿದರೆ ಯಾರೂ ಅದನ್ನು ಸುದ್ದಿಯೆಂದು ಹೇಳುವುದಿಲ್ಲ. ಬೇಸಿಗೆಯಲ್ಲಿ ನಮ್ಮ ನದಿಗಳನ್ನು ನೋಡಬೇಕಾದವರು ಸೂರ್ಯನಿಗಿಂತ ಮುಂಚೆ ಎದ್ದು, ಹತ್ತು ಗಂಟೆಯೊಳಗೆ ನೆರಳು ಸೇರಬೇಕು.

ದಾರಿಯಲ್ಲಿ ನಮ್ಮೊಡನಿದ್ದ ಹಿರಿಯರೊಬ್ಬರು, ದಕ್ಷಿಣ ಕನ್ನಡದಿಂದ ಬಂದು ಇಲ್ಲಿ ಮೂವತ್ತು ವರ್ಷ ಶಿಕ್ಷಕರಾಗಿದ್ದವರು, ನೇತ್ರಾವತಿಯ ವರ್ಣನೆ ಆರಂಭಿಸಿದರು. ಇಲ್ಲಿಯವು ನದಿಗಳೇ, ಬೇಸಿಗೆ ಬಂದರೆ ಹಳ್ಳಗಳು ಎಂಬುದು ಅವರ ವಾದ. ಕರಾವಳಿಯಿಂದ ಬಂದ ನಮ್ಮವರಲ್ಲಿ ಈ ಮಾತು ಸಾಮಾನ್ಯ. ಹಳೆಯ ಒಡಂಬಡಿಕೆಯ ನಾಮಾನನೂ ಇಂಥದೇ ಮಾತಾಡಿದ್ದನೆಂದು ಸಿಸ್ಟರೊಬ್ಬರು ನೆನಪಿಸಿದರು. ಕುಷ್ಠರೋಗಿಯಾಗಿದ್ದ ಆ ಸೇನಾಪತಿಗೆ ಜೋರ್ಡಾನಿನಲ್ಲಿ ಏಳು ಸಲ ಮುಳುಗೇಳೆಂದು ಪ್ರವಾದಿ ಹೇಳಿಕಳುಹಿಸಿದಾಗ, ದಮಸ್ಕದ ಅಬಾನಾ ಮತ್ತು ಪರ್ಪರ್ ನದಿಗಳು ಇದಕ್ಕಿಂತ ಮೇಲಲ್ಲವೇ ಎಂದು ಅವನು ಸಿಟ್ಟಿಗೆದ್ದಿದ್ದ. ಜೋರ್ಡಾನ್ ನೋಡಿ ಬಂದವರೆಲ್ಲ ಹೇಳುವಂತೆ ಅದೇನೂ ಮಹಾನದಿಯಲ್ಲ. ಹಿರಿಯರು ನಕ್ಕು ಸುಮ್ಮನಾದರು. ನೇತ್ರಾವತಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಹುಮನಾಬಾದ್ ರಸ್ತೆಯಲ್ಲಿ ಕುರಿಕೋಟಾ ಸೇತುವೆ ಬಂದಾಗ ಬೆಳಕು ಹರಿಯುತ್ತಿತ್ತು. ಸೇತುವೆಯ ಕೆಳಗೆ ಬೆಣ್ಣೆತೊರಾ. ಹೆಸರೇ ಎಷ್ಟು ಸೊಗಸು! ಬೆಣ್ಣೆಯಂಥ ತೊರೆ ಎಂದು ಕರೆದ ಆ ಪೂರ್ವಿಕರು ಅದನ್ನು ಯಾವ ಋತುವಿನಲ್ಲಿ ನೋಡಿದರೋ. ಇದು ಕಾಗಿಣಾದ ಉಪನದಿ. ಕಾಗಿಣಾ ಹೊನಗುಂಟಾದ ಬಳಿ ಭೀಮೆಯನ್ನು ಸೇರುತ್ತದೆ. ಭೀಮಾಶಂಕರದಲ್ಲಿ ಹುಟ್ಟಿ 861 ಕಿಲೋಮೀಟರ್ ಹರಿದು ಬರುವ ಭೀಮೆ ರಾಯಚೂರಿನ ಬಳಿ ಕೃಷ್ಣೆಯಲ್ಲಿ ಒಂದಾಗುತ್ತದೆ. ಮಕ್ಕಳಿಗೆ ಈ ಸರಣಿಯನ್ನು ಹೇಳಿದಾಗ ಒಬ್ಬ ಬೆರಳು ಮಡಚಿ ಎಣಿಸಿ, "ಹಂಗಾದ್ರ ಇದರ ನೀರು ಸಮುದ್ರಕ್ಕ ಹೋಗಬೇಕಂದ್ರ ಮೂರು ಹೆಸರು ಬದಲಿ ಮಾಡ್ಕೋಬೇಕು" ಎಂದ. ಭೂಗೋಳದ ಪಾಠ ಇದಕ್ಕಿಂತ ಚೆನ್ನಾಗಿ ಆಗುವುದು ಕಷ್ಟ.

ಮುಖ್ಯ ರಸ್ತೆಯಿಂದ ಕೆಳಗಿಳಿದು ಹಿನ್ನೀರಿನ ದಂಡೆಗೆ ನಡೆದೆವು. ಮಳೆಗಾಲದಲ್ಲಿ ಹೊಲದ ಬದುವಿನವರೆಗೂ ತುಂಬುವ ನೀರು ಆಗ ಬಹು ದೂರ ಸರಿದಿತ್ತು. ಅದು ಬಿಟ್ಟುಹೋದ ನೆಲ ಬಿರುಕು ಬಿಟ್ಟು, ಹೆಣಿಗೆ ಹಾಕಿದ ಚಾಪೆಯಂತೆ ಕಾಣುತ್ತಿತ್ತು. ಬೆಳ್ಳಕ್ಕಿಗಳು ಕೆಸರಿನ ಅಂಚಿನಲ್ಲಿ ಸಾಲಾಗಿ ನಿಂತಿದ್ದವು. ಮಿಂಚುಳ್ಳಿಯೊಂದು ಒಣ ಕೊಂಬೆಯಿಂದ ನೀರಿಗೆ ಬಿದ್ದು ಎದ್ದಿತು. ತಲೆಯ ಮೇಲೆ ಟಿಟ್ಟಿಭ ಜೋಡಿಯೊಂದು ಬಿಡದೆ ಕೂಗತೊಡಗಿದಾಗ, ಸಿಸ್ಟರು ಮಕ್ಕಳನ್ನೆಲ್ಲ ನಿಂತಲ್ಲೇ ನಿಲ್ಲಿಸಿದರು. ಈ ಹಕ್ಕಿ ಬೇಸಿಗೆಯಲ್ಲಿ ಬರೀ ನೆಲದ ಮೇಲೆ, ಹರಳುಗಳ ನಡುವೆ, ಹರಳಿನದೇ ಬಣ್ಣದ ಮೊಟ್ಟೆ ಇಡುತ್ತದೆ. ಹುಡುಕಿದರೆ ನಾಲ್ಕು ಹೆಜ್ಜೆಯಾಚೆಗೇ ಇದ್ದವು, ಮೂರು ಮೊಟ್ಟೆ. ಹನ್ನೊಂದು ಮಕ್ಕಳು ಉಸಿರು ಬಿಗಿಹಿಡಿದು ನೋಡಿ, ದೂರದಿಂದ ಸುತ್ತಿ ಹೋದರು. ಗದರಿಸದೆಯೇ ಮಕ್ಕಳು ಅಷ್ಟು ಮೌನವಾಗಿದ್ದುದನ್ನು ನಾವು ಬಲಿಪೂಜೆಯಲ್ಲಿಯೂ ಕಂಡಿಲ್ಲ.

ಅನಂತರ ನಡೆದುದನ್ನು ಬರೆಯಲು ಸಂಕೋಚವಾಗುತ್ತದೆ. ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವೂ ಇಲ್ಲ.

ನಾವು ಹಿರಿಯರು ಬುತ್ತಿ ಬಿಚ್ಚುವ ಗಡಿಬಿಡಿಯಲ್ಲಿದ್ದೆವು. ಎರಡು ಕಣ್ಣು ಮಕ್ಕಳ ಮೇಲೆ ಇರಲಿ ಎಂದು ಯಾರಿಗೂ ನಿರ್ದಿಷ್ಟವಾಗಿ ಒಪ್ಪಿಸಿರಲಿಲ್ಲ. ಎಲ್ಲರೂ ನೋಡುತ್ತಿದ್ದಾರೆಂದು ಎಲ್ಲರೂ ಭಾವಿಸಿದ್ದೆವು. ಹನ್ನೊಂದು ವರ್ಷದ ಹುಡುಗನೊಬ್ಬನ ಚಪ್ಪಲಿ ಕೆಸರಿನಲ್ಲಿ ಸಿಕ್ಕಿಕೊಂಡಿತು. ಅದನ್ನು ಕೀಳಲು ಅವನು ಎರಡು ಹೆಜ್ಜೆ ಮುಂದಿಟ್ಟ. ಮೇಲೆ ಒಣಗಿದಂತೆ ಕಂಡ ನೆಲ ಸೀಳಿ ಮೊಣಕಾಲವರೆಗೆ ಹೂತುಕೊಂಡಿತು. ಹೆದರಿ ಕಾಲು ಕೀಳಲು ಹವಣಿಸಿದಷ್ಟೂ ಇಳಿದ. ನಾವು ಕೂಗು ಕೇಳಿ ಓಡುವಷ್ಟರಲ್ಲಿ ನಡುವಿನವರೆಗೆ ಹೋಗಿದ್ದ. ಅವನ ತಂದೆ ನೇರವಾಗಿ ಅತ್ತ ಧಾವಿಸಿದರು.

ಆಗ ಬಲೆ ಒಣಹಾಕುತ್ತಿದ್ದ ವೃದ್ಧ ಮೀನುಗಾರನೊಬ್ಬ ಸಿಡಿಲಿನಂತೆ ಗದರಿದ: "ಏ ಸಾಹೇಬ್ರ, ನಿಂದ್ರಿ ಅಲ್ಲೇ! ನೀವೂ ಹೋಗ್ತೀರಿ! ಏ ತಮ್ಮಾ, ಕಾಲ ಕೀಳಬ್ಯಾಡ, ಹಿಂದಕ ಮಲಕೋ, ಅಂಗಾತ ಮಲಕೋ!" ಹುಡುಗ ಹಿಂದಕ್ಕೆ ಒರಗಿದ. ಇಳಿಯುವುದು ನಿಂತಿತು. ವೃದ್ಧ ಬಲೆಯ ಹಗ್ಗ ಎಸೆದ. ಹುಡುಗ ಅದನ್ನು ಕಂಕುಳಡಿ ಸುತ್ತಿಕೊಂಡ ಮೇಲೆ ನಾಲ್ವರು ಸೇರಿ ಮೆಲ್ಲಗೆ ಎಳೆದೆವು. ಎಲ್ಲವೂ ಐದಾರು ನಿಮಿಷದ ಮಾತು. ಹುಡುಗನಿಗೆ ಚಪ್ಪಲಿ ಹೋದದ್ದರ ಹೊರತು ಏನೂ ಆಗಲಿಲ್ಲ. ತಂದೆಗೆ ಬಹಳ ಹೊತ್ತು ಮಾತೇ ಬರಲಿಲ್ಲ.

ತಪ್ಪು ನೀರಿನದಲ್ಲ, ಹುಡುಗನದೂ ಅಲ್ಲ. ನಮ್ಮದು. ನದಿಯನ್ನು ತೋರಿಸುತ್ತೇವೆಂದು ಹೊರಟವರಿಗೆ ನದಿಯೇ ತಿಳಿದಿರಲಿಲ್ಲ.

ಆ ಅಜ್ಜ ನಮ್ಮೊಡನೆ ರೊಟ್ಟಿ ತಿನ್ನುತ್ತ ವಿವರಿಸಿದ ಸಂಗತಿಗಳನ್ನು ಓದುಗರು ಗಮನವಿಟ್ಟು ಕೇಳಬೇಕು. ಹಿನ್ನೀರು ಸರಿದಾಗ ಮೇಲಿನ ಹೂಳು ಬಿಸಿಲಿಗೆ ಒಣಗಿ ಹಪ್ಪಳದಂತಾಗುತ್ತದೆ, ಕೆಳಗೆ ಹಸಿಯಾಗಿಯೇ ಇರುತ್ತದೆ. ಬಿರುಕು ಅಗಲವಾಗಿದ್ದಲ್ಲಿ ಕಾಲಿಡಬಹುದು, ನುಣ್ಣಗೆ ಹೊಳೆಯುವಲ್ಲಿ ಇಡಬಾರದು. ಅಣೆಕಟ್ಟಿನ ನೀರಿನಡಿ ಮುಳುಗಿದ್ದು ಹೊಲಗಳು. ಹೊಲಗಳಲ್ಲಿ ಬಾವಿಗಳಿದ್ದವು. ಮೊಣಕಾಲು ನೀರೆಂದು ನಡೆಯುತ್ತಿದ್ದವನು ಮುಂದಿನ ಹೆಜ್ಜೆಯಲ್ಲಿ ಹಳೆಯ ಬಾವಿಯೊಳಗೆ ಇರಬಹುದು. ಹಳ್ಳದ ಹಳೆಯ ಪಾತ್ರವೂ ಹಾಗೆಯೇ, ಸರಕ್ಕನೆ ಆಳ. "ಹೊಳಿ ನಕ್ಕೋತ ಇರ್ತದ್ರಿ, ಹೊಟ್ಯಾಗ ಏನದ ಅಂತ ಹೇಳಂಗಿಲ್ಲ" ಎಂದ ಅಜ್ಜ. ಭೀಮೆಯ ಕಡೆ ಅಪಾಯದ ರೂಪ ಬೇರೆ. ಅಲ್ಲಿ ಮರಳು ತೆಗೆದ ಗುಂಡಿಗಳು ನೀರಿನಡಿ ಕಾಣದೆ ಇರುತ್ತವೆ. ಶಾಲೆಗೆ ರಜೆ ಬಿದ್ದ ಈ ಎರಡು ತಿಂಗಳಲ್ಲಿ ಈಜಲು ಹೋದ ಬಾಲಕರ ಸಾವಿನ ಸುದ್ದಿಯಿಲ್ಲದೆ ನಮ್ಮ ಪತ್ರಿಕೆಗಳ ಯಾವ ಬೇಸಿಗೆಯೂ ಮುಗಿಯುವುದಿಲ್ಲ. ಒಬ್ಬನನ್ನು ಉಳಿಸಲು ಇಳಿದ ಇನ್ನೊಬ್ಬನ ಹೆಸರೂ ಬಹಳ ಸಲ ಆ ಸುದ್ದಿಯಲ್ಲಿರುತ್ತದೆ. ಆದ್ದರಿಂದಲೇ ಅಜ್ಜ ತಂದೆಯನ್ನು ಮೊದಲು ತಡೆದದ್ದು.

ಹಾಗಾದರೆ ಮಕ್ಕಳನ್ನು ನದಿಯಿಂದ ದೂರವಿಡುವುದೇ ಸರಿಯೆಂದು ಆ ದಿನ ನಮ್ಮಲ್ಲಿ ಕೆಲವರು ವಾದಿಸಿದರು. ನಮಗೆ ಹಾಗೆನಿಸುವುದಿಲ್ಲ. ನದಿಯನ್ನು ಅರಿಯದ ಮಗು ಒಂದಿಲ್ಲೊಂದು ದಿನ ಗೆಳೆಯರೊಡನೆ ಹೇಳದೆ ಕೇಳದೆ ಹೋಗಿಯೇ ಹೋಗುತ್ತದೆ. ಅರಿತವನೊಬ್ಬನ ಕೈ ಹಿಡಿದು ಮೊದಲ ಸಲ ಹೋಗಿದ್ದರೆ ಎರಡನೆಯ ಸಲ ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಗೊತ್ತಿರುತ್ತದೆ. ಅರಿತವರು ನಮ್ಮ ಕುಟುಂಬಗಳಲ್ಲಿ ಇಲ್ಲದಿದ್ದರೆ ದಂಡೆಯ ಊರಿನವರನ್ನು ಕರೆದುಕೊಳ್ಳಬೇಕು. ಇಳಿಯುವ ಮುನ್ನ ಅವರನ್ನು ಕೇಳಬೇಕು. ಹಿರಿಯರಲ್ಲಿ ಇಬ್ಬರಿಗೆ ಮಕ್ಕಳನ್ನು ನೋಡುವ ಹೊರತು ಬೇರೆ ಕೆಲಸವಿರಬಾರದು. ಗಾಡಿಯಲ್ಲಿ ಹತ್ತು ಮಾರು ಹಗ್ಗವಿರಬೇಕು. ನಾವು ಕಲ್ಲಂಗಡಿ ಕತ್ತರಿಸಲು ಚಾಕು ಒಯ್ದಿದ್ದೆವು, ಹಗ್ಗ ಒಯ್ದಿರಲಿಲ್ಲ.

ಅಲ್ಲಿಂದ ಕಮಲಾಪುರಕ್ಕೆ ಹೋದೆವು. ನಗರದಿಂದ ಸುಮಾರು 35 ಕಿಲೋಮೀಟರ್ ದೂರದ ಈ ಊರು ಈಗ ತಾಲ್ಲೂಕು ಕೇಂದ್ರ. ಕರಿನೆಲದ ಬಯಲು ಮುಗಿದು ಮಣ್ಣು ಕೆಂಪಾಗುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಬೀದರಿನ ಕಡೆಯಿಂದ ಚಾಚಿರುವ ಜಂಬಿಟ್ಟಿಗೆಯ ಕಲ್ಲು ಮಳೆಯ ನೀರನ್ನು ಹೀರಿಟ್ಟುಕೊಳ್ಳುತ್ತದೆ. ಅದರಡಿಯ ಕಪ್ಪು ಕಲ್ಲು ನೀರನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಹೀಗೆ ಎರಡರ ನಡುವೆ ಉಳಿದ ನೀರು ತಗ್ಗಿನಲ್ಲಿ ಒರತೆಯಾಗಿ ಜಿನುಗುತ್ತದೆ. ಬೀದರಿನ ಹಳೆಯ ಕರೇಜ್ ಸುರಂಗಗಳು ಕೆಲಸ ಮಾಡಿದ್ದೂ ಇದೇ ಗುಟ್ಟಿನಿಂದ. ಹೆಸರುವಾಸಿಯಾದ ಕಮಲಾಪುರದ ಕೆಂಬಾಳೆ ಬೆಳೆಯುವುದು ಈ ಕೆಮ್ಮಣ್ಣಿನಲ್ಲಿ. ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಮಾಮೂಲು ಬಾಳೆಗಿಂತ ಹೆಚ್ಚು ಕಾಲ, ಸುಮಾರು ಒಂದೂವರೆ ವರ್ಷ, ಅದು ತೋಟದಲ್ಲಿ ನಿಂತು ನೀರು ಕೇಳುತ್ತದೆ. ಬೆಲೆ ಹೆಚ್ಚೆಂದು ಗೊಣಗುತ್ತಲೇ ಒಂದು ಡಜನ್ ಕೊಂಡು, ಹಂಚಿ ತಿಂದೆವು. ಹುಡುಗನಿಗೆ ಎರಡು ಕೊಟ್ಟೆವು.

ಹೋಗಬಯಸುವವರಿಗೆ ಈ ಜಿಲ್ಲೆಯಲ್ಲಿ ದಂಡೆಗಳಿಗೆ ಕೊರತೆಯಿಲ್ಲ. ಬೆಳಕೋಟಾದ ಬಳಿ ಗಂಡೋರಿ ನಾಲಾದ ಜಲಾಶಯವಿದೆ. ಚಿಂಚೋಳಿಯ ಕಾಡಿನೊಳಗೆ ಚಂದ್ರಂಪಳ್ಳಿ ಜಲಾಶಯವಿದೆ. 2011ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಆ ಕಾಡಿನ ನೆರಳು ಬೇಸಿಗೆಯಲ್ಲಿ ದೊಡ್ಡ ಭಾಗ್ಯ. ಎತ್ತಿಪೋತ ಜಲಪಾತಕ್ಕೆ ಮಾತ್ರ ಮಳೆಗಾಲದವರೆಗೆ ಕಾಯಿರಿ, ಬೇಸಿಗೆಯಲ್ಲಿ ಅಲ್ಲಿ ಬರೀ ಬಂಡೆ. ಮಳಖೇಡದಲ್ಲಿ ರಾಷ್ಟ್ರಕೂಟರ ಕೋಟೆಯ ಪಕ್ಕದಲ್ಲೇ ಕಾಗಿಣಾ ಹರಿಯುತ್ತದೆ. ನೀರು ಇಳಿದಾಗ ಅದರ ಪಾತ್ರದ ಸುಣ್ಣಕಲ್ಲು ಪದರು ಪದರಾಗಿ, ರೊಟ್ಟಿ ಒಟ್ಟಿದಂತೆ, ಕಾಣುವುದು ಬೇಸಿಗೆಯಲ್ಲಿ ಮಾತ್ರ. ಅಮೋಘವರ್ಷ ನೃಪತುಂಗನ ರಾಜಧಾನಿ ಈ ನೀರು ಕುಡಿದೇ ಬದುಕಿತು. ಸನ್ನತಿಯಲ್ಲಿ ಭೀಮೆಯ ತೀರದ ಚಂದ್ರಲಾಂಬಾ ದೇವಾಲಯ, ಸನಿಹದ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದ ಬೌದ್ಧ ಸ್ತೂಪ, ಅಲ್ಲಿ ಹೆಸರು ಕೆತ್ತಿದ ಅಶೋಕನ ಶಿಲ್ಪ. ಗಾಣಗಾಪುರದಲ್ಲಿ ಭೀಮಾ ಮತ್ತು ಅಮರ್ಜಾ ಸಂಗಮ. ಅನ್ಯ ಧರ್ಮೀಯರ ಪುಣ್ಯಸ್ಥಳಗಳಿಗೆ ನಮ್ಮವರು ಹೋಗಬಹುದೇ ಎಂದು ಕೇಳುವವರು ಇನ್ನೂ ಇದ್ದಾರೆ. ನೀರಿನ ದಂಡೆಯಲ್ಲಿ ಪ್ರಾರ್ಥಿಸುವ ಜನರ ನಡುವೆ ವಿನಯದಿಂದ ನಿಲ್ಲುವುದಕ್ಕೆ ಯಾವ ಅಡ್ಡಿಯೂ ನಮಗೆ ಕಾಣದು. 'ಪ್ರೇಷಿತರ ಕಾರ್ಯಕಲಾಪಗಳು' ಗ್ರಂಥದಲ್ಲಿ ಸಂತ ಪೌಲರು ಫಿಲಿಪ್ಪಿ ಪಟ್ಟಣದ ಹೆಬ್ಬಾಗಿಲು ದಾಟಿ ಹೋದದ್ದು ನದಿಯ ದಡಕ್ಕೇ. ಅಲ್ಲಿ ಪ್ರಾರ್ಥನೆಗೆ ಕೂಡಿದ್ದ ಸ್ತ್ರೀಯರಲ್ಲಿ ಲಿಡಿಯಾ ಎಂಬ ವ್ಯಾಪಾರಿ ಹೆಣ್ಣುಮಗಳಿದ್ದಳು. ಕೆನ್ನೀಲಿ ಬಟ್ಟೆ ಮಾರುತ್ತಿದ್ದವಳು. ಪೇಟೆಯಿಂದ ಹೊಳೆಗೆ ಬಂದ ಆಕೆ ಸ್ನಾನದೀಕ್ಷೆ ಪಡೆದು ಪೌಲರನ್ನು ಮನೆಗೆ ಕರೆದೊಯ್ದಳು.

ಭೀಮೆಯನ್ನು ಬೇಸಿಗೆಯಲ್ಲಿ ನೋಡುವವರು ಅದು ಬತ್ತುವುದನ್ನೂ ನೋಡಬೇಕಾಗುತ್ತದೆ. 2023ರ ಮೇ ಕೊನೆಯಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಭೀಮೆಗೆ 3 ಟಿಎಂಸಿ ನೀರು ಬಿಡಿರೆಂದು ಕರ್ನಾಟಕದ ಮುಖ್ಯಮಂತ್ರಿಯವರು ಪತ್ರ ಬರೆಯಬೇಕಾಯಿತು. 2024ರ ಬೇಸಿಗೆಯಲ್ಲಿಯೂ ಅದೇ ಕೂಗು ಎದ್ದಿತು. ಅದೇ ಭೀಮೆ 2020ರ ಅಕ್ಟೋಬರಿನಲ್ಲಿ, ಮತ್ತೆ ನಮ್ಮ ಪ್ರವಾಸವಾದ ವರ್ಷದ ಸೆಪ್ಟೆಂಬರಿನಲ್ಲಿ, ಊರುಗಳಿಗೆ ನುಗ್ಗಿ ಬೆಳೆಯನ್ನೂ ಮನೆಯನ್ನೂ ಕೊಚ್ಚಿತು. 2005ರಲ್ಲಿ ಸ್ಥಾಪನೆಯಾದ ನಮ್ಮ ಗುಲಬರ್ಗಾ ಧರ್ಮಕ್ಷೇತ್ರದ (ನಗರದ ಹೆಸರು 2014ರಲ್ಲಿ ಕಲಬುರಗಿಯಾದರೂ ಧರ್ಮಕ್ಷೇತ್ರದ ಹೆಸರು ಹಾಗೆಯೇ ಇದೆ) ಎಷ್ಟೋ ಕುಟುಂಬಗಳ ಬದುಕು ಈ ಎರಡು ತುದಿಗಳ ನಡುವೆ ತೂಗುತ್ತದೆ.

ಹತ್ತೂವರೆಗೆ ಮರಳಿ ಸೂಪರ್ ಮಾರ್ಕೆಟ್ ತಲುಪಿದಾಗ ಬೀದಿ ತನ್ನ ಎಂದಿನ ಗದ್ದಲಕ್ಕೆ ಮರಳಿತ್ತು, ಬಿಸಿಲು ನೆತ್ತಿ ಸುಡುತ್ತಿತ್ತು. ಹುಡುಗ ಬರಿಗಾಲಿನಲ್ಲಿ ಇಳಿಯಲಾರದೆ ಗಾಡಿಯಲ್ಲೇ ಕುಳಿತ. ತಂದೆ ಎದುರಿನ ಅಂಗಡಿಯಿಂದ ಹೊಸ ಚಪ್ಪಲಿ ತಂದು ತಾವೇ ತೊಡಿಸಿದರು. ಜಾಗರಣೆಯ ರಾತ್ರಿ ಪ್ರಶ್ನೆ ಕೇಳಿದ ಬಾಲಕಿ ಪಕ್ಕದ ಹೋಟೆಲಿನ ಮುಂದಿನ ಕೊಡದಿಂದ ಒಂದು ಲೋಟ ನೀರು ತುಂಬಿಕೊಂಡು, ಕುಡಿಯದೆ ಸ್ವಲ್ಪ ಹೊತ್ತು ಬೆಳಕಿಗೆ ಹಿಡಿದು ನೋಡಿದಳು.

"ಟೀಚರ್, ಇದು ಬೆಣ್ಣೆತೊರಾದೋ, ಭೀಮಾದೋ?"

"ಎರಡೂ ಇರಬಹುದಮ್ಮಾ. ಕುಡಿ" ಎಂದರು ಟೀಚರು.